ಮಾಸ್ತಿಕಲ್ಲಿನ ಕೆಳಗಿನ ಒರತೆ

ಸಮಾರ್ಯದ ಹೆಂಗಸಿನ ಕಥೆಯನ್ನು ನಾನು ಹನ್ನೆರಡು ವರ್ಷ ಹೇಳಿದ್ದೆ. ಹುಬ್ಬಳ್ಳಿಯ ಓಣಿಗಳಲ್ಲಿ, ಮಾಳಮಡ್ಡಿಯ ಹಿತ್ತಿಲುಗಳಲ್ಲಿ, ಸಂತೆಗೆ ಬಂದ ಹೆಣ್ಣುಮಕ್ಕಳು ಗಿಡದ ಕೆಳಗೆ ಬುತ್ತಿ ಬಿಚ್ಚಿ ಕೂತಾಗ. ಎಲ್ಲಿ ದನಿ ಇಳಿಸಬೇಕು, ಎಲ್ಲಿ ನಿಲ್ಲಿಸಿ ಕೇಳುವವರ ಮುಖ ನೋಡಬೇಕು, ಎಲ್ಲ ಬಾಯಿಪಾಠ. ಅಷ್ಟು ಚೆನ್ನಾಗಿ ಬರುತ್ತಿದ್ದ ಕಥೆಯೇ ಒಂದು ಬೇಸಗೆಯಲ್ಲಿ ಒಬ್ಬ ಹೆಣ್ಣುಮಗಳಿಗೆ ಕುಡಿಯುವ ನೀರು ತಪ್ಪಿಸಿತು. ತಪ್ಪು ಕಥೆಯದಲ್ಲ, ಹೇಳಿದವಳದು. ಅದನ್ನು ಬರೆದಿಡಬೇಕೆಂದು ಬಹಳ ದಿನದಿಂದ ಅಂದುಕೊಳ್ಳುತ್ತಲೇ ಇದ್ದೇನೆ.

ಎರಡನೆಯ ಮಹಾಯುದ್ಧಕ್ಕೆ ನಾಲ್ಕೈದು ವರ್ಷ ಮೊದಲಿನ ಮಾತು. ನಾನು ಮಿಶನ್ನಿನಲ್ಲಿ ಬೈಬಲ್ ಹೆಂಗಸಾಗಿದ್ದೆ. ಅಂದರೆ ಮನೆಮನೆಗೆ ಹೋಗಿ ಹೆಣ್ಣುಮಕ್ಕಳಿಗೆ ನಾವು ವೇದವೆನ್ನುವ ಬೈಬಲಿನ ಕಥೆ ಹೇಳುವುದು, ಒಪ್ಪಿದವರಿಗೆ ಅಕ್ಷರ ಕಲಿಸುವುದು, ದಿನಚರಿ ಬರೆದು ತಿಂಗಳಿಗೊಮ್ಮೆ ಧಾರವಾಡಕ್ಕೆ ಹೋಗಿ ಮಿಸ್ಸಮ್ಮನವರಿಗೆ ಒಪ್ಪಿಸುವುದು. ಮಿಸ್ಸಮ್ಮನವರೆಂದರೆ ನಮ್ಮ ಕೆಲಸ ನೋಡಿಕೊಳ್ಳುತ್ತಿದ್ದ ಬಿಳಿಯ ಹೆಂಗಸು. ಕನ್ನಡವನ್ನು ಪುಸ್ತಕದಿಂದ ಕಲಿತು ಪುಸ್ತಕದಂತೆಯೇ ಆಡುತ್ತಿದ್ದರು. ಆ ವರ್ಷ ಚಳಿ ಕಳೆಯುತ್ತಲೇ ಅವರು ನನ್ನನ್ನು ಅಮ್ಮಿನಬಾವಿಯಾಚೆಗೆ, ಹಳ್ಳದ ದಂಡೆಯ ಒಂದು ಊರಿಗೆ ಹಾಕಿದರು. ಮಳೆಗಾಲ ಹಿಡಿಯುವುದರೊಳಗೆ ಆರು ಜನ ಹೆಣ್ಣುಮಕ್ಕಳಾದರೂ ಪಾಟಿ ಹಿಡಿದು ಅಕ್ಷರ ಕಲಿಯಬೇಕು, ಇಲ್ಲದಿದ್ದರೆ ಆ ಊರಿನ ಕೆಲಸ ನಿಲ್ಲಿಸುವುದು ಎಂದು ಮೊದಲೇ ಹೇಳಿದ್ದರು.

ನನಗೆ ಕೊಟ್ಟದ್ದು ಊರ ಹೊರಗೆ, ಹಿಂದಿನ ಉಪದೇಶಿ ಬಿಟ್ಟುಹೋದ ಒಂದು ಮಣ್ಣಿನ ಕೋಣೆ. ಗಂಡ ತೀರಿಕೊಂಡು ಒಂಬತ್ತು ವರ್ಷವಾಗಿತ್ತು, ಮಕ್ಕಳಿರಲಿಲ್ಲ. ಒಂಟಿತನ ನನಗೆ ಹೊಸದಲ್ಲ ಎಂದು ಜಂಬದಿಂದಲೇ ಹೋಗಿದ್ದೆ. ಆದರೆ ಹುಬ್ಬಳ್ಳಿಯಲ್ಲಿ ಒಬ್ಬಳೇ ಇರುವುದು ಬೇರೆ, ಒಬ್ಬನೇ ಒಬ್ಬ ಕ್ರೈಸ್ತನಿಲ್ಲದ ಊರಲ್ಲಿ ಒಬ್ಬಳೇ ಇರುವುದು ಬೇರೆ. ರವಿವಾರ ಬೆಳಗ್ಗೆ ಬಾಗಿಲು ಮುಂದೆ ಮಾಡಿಕೊಂಡು ಆರಾಧನೆಯ ಪುಸ್ತಕ ತೆಗೆಯುತ್ತಿದ್ದೆ. ಪಾದ್ರಿ ಅಯ್ಯನವರು ಹೇಳುವ ಮಾತನ್ನೂ ನಾನೇ ಹೇಳುವುದು, ಸಭೆ ಕೊಡುವ ಉತ್ತರವನ್ನೂ ನಾನೇ ಕೊಡುವುದು. ಕೊನೆಗೆ ಆಶೀರ್ವಾದವನ್ನು ಮಾತ್ರ ಹೇಳುತ್ತಿರಲಿಲ್ಲ. ನನಗೆ ನಾನೇ ಆಶೀರ್ವಾದ ಮಾಡಿಕೊಳ್ಳುವಷ್ಟು ಹುಚ್ಚು ಇನ್ನೂ ಹಿಡಿದಿರಲಿಲ್ಲ. ಆ ಜಾಗಕ್ಕೆ ಬಂದಾಗ ಪುಸ್ತಕ ಮುಚ್ಚಿಬಿಡುತ್ತಿದ್ದೆ.

ಆ ಊರಿನ ಬಾವಿ ಸವಳು. ಎರೆಭೂಮಿಯ ಬಾವಿಗಳ ಹಣೆಬರಹವೇ ಅಷ್ಟು, ಬಟ್ಟೆ ಒಗೆಯುವುದಕ್ಕೂ ನೊರೆ ಬರುವುದಿಲ್ಲ. ಕುಡಿಯುವ ನೀರಿಗೆ ಎಲ್ಲರಿಗೂ ಹಳ್ಳವೇ ಗತಿ. ಮಾರ್ಚ್ ಬಂತೆಂದರೆ ಹಳ್ಳದಲ್ಲಿ ನೀರು ಕಾಣಿಸುವುದಿಲ್ಲ, ಬರೀ ಉಸುಕು. ಆಗ ಒಂದೊಂದು ಓಣಿಯವರೂ ಒಂದೊಂದು ಒರತೆ ತೋಡುತ್ತಾರೆ. ನಸುಕಿನಲ್ಲಿ ಉಸುಕು ಎಲ್ಲಿ ಕಪ್ಪಗೆ ತೇವವಾಗಿರುತ್ತದೆಯೋ ಅಲ್ಲಿ ತೋಡಬೇಕು. ಗೋಡೆ ನೆಟ್ಟಗೆ ಇಳಿಸಿದರೆ ಕುಸಿಯುತ್ತದೆ, ಬೋಗುಣಿಯ ಹಾಗೆ ಅಗಲವಾಗಿ ಇಳಿಸಬೇಕು. ಮೊದಲು ಬರುವ ರಾಡಿ ನೀರನ್ನು ಮೂರು ಸಲ ಚೆಲ್ಲಿ ತಳಕ್ಕೆ ಸಣ್ಣ ಹರಳು ಹಾಸಬೇಕು. ಆಮೇಲೆ ತೆಂಗಿನ ಪರಟೆಯಿಂದ, ತಳ ಕಲಕದಂತೆ, ಮೇಲಿನ ನೀರನ್ನಷ್ಟೇ ಕೊಡಕ್ಕೆ ಮೊಗೆಯಬೇಕು. ಮೊಗೆದಾದ ಮೇಲೆ ನಾಯಿ ಬಾಯಿ ಹಾಕದಂತೆ ಜಾಲಿಮುಳ್ಳು ಮುಚ್ಚಬೇಕು. ಯಾರು ತೋಡಿದರೋ ಅವರ ಹೆಸರೇ ಒರತೆಗೆ, ಮೊದಲ ಕೊಡ ಅವರದೇ. ಇದು ಆ ಊರಿನ ಕಟ್ಟಳೆ.

ನನಗೆ ಯಾರ ಒರತೆಯಲ್ಲೂ ಪಾಲಿರಲಿಲ್ಲ. ಜಾತಿ ಬಿಟ್ಟವಳೆಂದು ಮುಟ್ಟಗೊಡುತ್ತಿರಲಿಲ್ಲ. ಎಲ್ಲರಿಗಿಂತ ಕೆಳಗೆ, ಹಳ್ಳ ಸಣ್ಣದಾಗುವ ಕಡೆಯಲ್ಲಿ ನಾನೇ ಒಂದು ತೋಡಿಕೊಂಡೆ. ಎರಡು ಸಲ ಕುಸಿಯಿತು, ಮೂರನೆಯ ಸಲ ನಿಂತಿತು. ಹೊರಗೆ ಹೊರಟಾಗ ಮುಚ್ಚಳದ ಹಿತ್ತಾಳೆ ತಂಬಿಗೆಯಲ್ಲಿ ನನ್ನ ನೀರನ್ನು ನಾನೇ ಒಯ್ಯುತ್ತಿದ್ದೆ. ಅದು ಹಳೆಯ ಹಟ. ಕೆಲಸಕ್ಕೆ ಸೇರಿದ ಮೊದಲ ವರ್ಷ ಒಂದು ಮನೆಯಲ್ಲಿ ನೀರು ಕೇಳಿದ್ದೆ. ಮನೆಯಾಕೆ ಎತ್ತರದಿಂದ ಬೊಗಸೆಗೆ ಸುರಿದಳು. ನಾನು ಕುಡಿದು ನಾಲ್ಕು ಹೆಜ್ಜೆ ಹೋಗುವಷ್ಟರಲ್ಲಿ ನಾನು ನಿಂತಿದ್ದ ಜಾಗಕ್ಕೆ ಸಗಣಿನೀರು ಚೆಲ್ಲಿದಳು. ಇನ್ನು ಸತ್ತರೂ ಯಾರ ಹತ್ತಿರವೂ ನೀರು ಕೇಳುವುದಿಲ್ಲ ಎಂದು ಆಣೆ ಮಾಡಿದೆ. ಆಣೆ ಮಾಡಬಾರದೆಂದು ವೇದದಲ್ಲಿದೆ. ಮಾಡಿದೆ.

ಆ ಊರಿನಲ್ಲಿ ಮನೆಗಳ ಒಳಗೆ ಸೇರಿಸುತ್ತಿರಲಿಲ್ಲವಾದ್ದರಿಂದ ಬೆಳಗಿನ ಹೊತ್ತು ಹಳ್ಳಕ್ಕೇ ಹೋಗುತ್ತಿದ್ದೆ. ಒರತೆಯಲ್ಲಿ ನೀರು ಮೆಲ್ಲಗೆ ಊರುತ್ತದೆ. ಹೆಂಗಸರು ಸರತಿಗಾಗಿ ಸಿಂಬೆ ಹಾಕಿಕೊಂಡು ಕೂತಿರುತ್ತಾರೆ. ಕಥೆ ಹೇಳುವುದಕ್ಕೆ ಅದಕ್ಕಿಂತ ಒಳ್ಳೆಯ ಹೊತ್ತಿಲ್ಲ. ನಮಗೆ ತರಬೇತಿಯಲ್ಲಿ ಎರಡು ಮಾತು ಕಲಿಸಿದ್ದರು. ನೀರಿನ ಹತ್ತಿರ ನೀರಿನ ಕಥೆ ಹೇಳು, ಒಲೆಯ ಹತ್ತಿರ ರೊಟ್ಟಿಯ ಕಥೆ ಹೇಳು ಎಂಬುದು ಒಂದು. ಊರಿನ ಮನೆಗಳ ಹಾಲಹವಾಲು ತಿಳಿಯುವ ತನಕ ಹೆಂಗಸರ ಕಥೆ ತೆಗೆಯಬೇಡ ಎಂಬುದು ಇನ್ನೊಂದು. ಮೊದಲನೆಯದು ನನಗೆ ನೆನಪಿತ್ತು.

ದಂಡೆಯ ಒಂದು ಜಾಲಿಗಿಡಕ್ಕೆ ಚಿತ್ರದ ಸುರುಳಿ ಇಳಿಬಿಟ್ಟು ಆ ದಿನ ಸಮಾರ್ಯದ ಕಥೆ ಶುರುಮಾಡಿದೆ. ನಡೆದು ನಡೆದು ದಣಿದ ಯೇಸುಸ್ವಾಮಿ ಉರಿಬಿಸಿಲಲ್ಲಿ ಬಾವಿಯ ಕಟ್ಟೆಯ ಮೇಲೆ ಕೂತಿದ್ದಾನೆ. ಊರಿನ ಹೆಂಗಸರೆಲ್ಲ ತಂಪುಹೊತ್ತಿನಲ್ಲಿ ನೀರಿಗೆ ಬಂದರೆ ಇವಳೊಬ್ಬಳು ನಡುಮಧ್ಯಾಹ್ನ ಬರುತ್ತಾಳೆ. ಕುಡಿಯಲು ನೀರು ಕೊಡು ಎನ್ನುತ್ತಾನೆ ಸ್ವಾಮಿ. ನಿಮ್ಮವರು ನಮ್ಮವರ ನೀರು ಮುಟ್ಟುವುದಿಲ್ಲವಲ್ಲ, ನನ್ನನ್ನು ಹೇಗೆ ಕೇಳುತ್ತೀ ಎನ್ನುತ್ತಾಳೆ ಅವಳು. ಹೆಂಗಸರು ಮೊಗೆಯುವುದನ್ನು ಬಿಟ್ಟು ಕೇಳತೊಡಗಿದರು.

"ಖರೇ ಐತಿ ನೋಡ್ರಿ, ನಮ್ಮಂಗ ಐತಿ ಆ ಊರು" ಎಂದಳು ಗೌಡರ ಮನೆಯ ಹಿರಿಯಾಕೆ. ಊರೆಲ್ಲ ಆಕೆಯನ್ನು ದೊಡ್ಡವ್ವ ಎನ್ನುತ್ತಿತ್ತು. ಆಕೆಯೇ ಮೆಚ್ಚಿದ ಮೇಲೆ ನನಗೆ ಹುರುಪು ಬಂತು. ನಿನ್ನ ಗಂಡನನ್ನು ಕರೆದುಕೊಂಡು ಬಾ ಎಂದು ಸ್ವಾಮಿ ಹೇಳಿದ್ದು, ನನಗೆ ಗಂಡನಿಲ್ಲ ಎಂದು ಅವಳು ಅಂದದ್ದು ಹೇಳಿದೆ. "ಹೌದವಾ, ನಿನಗ ಐದ ಮಂದಿ ಗಂಡಂದಿರು ಆಗ್ಯಾರ, ಈಗ ಇರಾಂವ ಗಂಡನ ಅಲ್ಲ" ಎಂದು ಹೇಳಿ ಬಲಗೈ ಮೇಲೆತ್ತಿ ಐದು ಬೆರಳು ಬಿಡಿಸಿ ತೋರಿಸಿದೆ.

ನಗು ಎದ್ದಿತು. ಹನ್ನೆರಡು ವರ್ಷದಲ್ಲಿ ಆ ಜಾಗದಲ್ಲಿ ಸಣ್ಣಗೆ ನಕ್ಕವರುಂಟು, ಈ ಪರಿ ನಕ್ಕವರಿಲ್ಲ. ಎರಡು ತಿಂಗಳಿಂದ ನನ್ನ ಜೊತೆ ಯಾರೂ ನಕ್ಕಿರಲಿಲ್ಲವಲ್ಲ, ನನಗೆ ಆ ನಗು ಹಿತವಾಯಿತು. ಕೈ ಇಳಿಸದೆ ಇನ್ನೂ ಸ್ವಲ್ಪ ಹೊತ್ತು ಹಿಡಿದೆ. ಅದೇ ನನ್ನ ಪಾಪ, ಇವತ್ತಿಗೂ ಅದನ್ನೇ ಒಪ್ಪಿಕೊಳ್ಳುತ್ತೇನೆ.

"ಐದಕ್ಕ ಇನ್ನ ಎರಡ ಕಡಿಮಿ ಅದಾವು ನಮ್ಮಾಕಿಗೆ!" ಎಂದಳು ಒಬ್ಬಳು. ಎಲ್ಲರೂ ಒಂದೇ ಕಡೆಗೆ ತಿರುಗಿದರು. ಅಲ್ಲಿ ಕಂಬಳಿ ನೇಯುವವರ ಓಣಿಯ ಒಬ್ಬ ಹೆಣ್ಣುಮಗಳು ಪರಟೆ ಹಿಡಿದು ಬಗ್ಗಿದ್ದವಳು ಹಾಗೆಯೇ ನಿಂತಿದ್ದಳು. ಅರ್ಧ ತುಂಬಿದ ಕೊಡವನ್ನು ಎತ್ತಿ ಸೊಂಟಕ್ಕೆ ಇಟ್ಟುಕೊಂಡು, ಯಾರ ಮುಖವನ್ನೂ ನೋಡದೆ ದಂಡೆ ಹತ್ತಿ ಹೋದಳು. ಕಥೆ ಅಲ್ಲಿಗೇ ನಿಂತಿತು.

ಆಮೇಲೆ ದೊಡ್ಡವ್ವ ನನಗೆ ತಿಳಿಸಿ ಹೇಳಿದಳು. ಕೊಡ ಎತ್ತಿಕೊಂಡು ಹೋದವಳ ಮೊದಲ ಗಂಡ ಹಾವು ಕಡಿದು ಸತ್ತ. ಎರಡನೆಯವನಿಗೆ ಉಡಿಕೆಯಾಯಿತು, ಅಂದರೆ ವಿಧವೆಗೆ ಸೀರೆ ಉಡಿಸಿ ಮತ್ತೆ ಮನೆಗೆ ಕರೆದುಕೊಳ್ಳುವ ಪದ್ಧತಿ. ಅವನು ದುಡಿಯಲು ಹೋಗಿ ತಿರುಗಿ ಬರಲಿಲ್ಲ, ಹೆಣವಾಗಿ ಸಿಕ್ಕ. ಈಗ ಮೂರನೆಯವನು, ಕಂಬಳಿ ನೇಯುವ ಒಬ್ಬ ಮುದುಕ. ಉಡಿಕೆಯಾದವಳನ್ನು ಮದುವೆಮುಂಜಿಯಲ್ಲಿ ಮುಂದೆ ಬಿಡುವುದಿಲ್ಲ. ಅಷ್ಟು ಬಿಟ್ಟರೆ ಊರು ಆಕೆಯನ್ನು ಆಡಿಕೊಂಡಿರಲಿಲ್ಲ. ಆಡಿಕೊಳ್ಳಲು ಒಂದು ಹೆಸರು ಸಿಕ್ಕಿರಲಿಲ್ಲ, ಅದನ್ನು ನಾನು ಕೊಟ್ಟೆ. ಎರಡೇ ದಿನದಲ್ಲಿ ಆಕೆ 'ಐದರಾಕಿ' ಆದಳು. ಆಕೆ ಹಾದುಹೋದರೆ ಹೆಂಗಸರು ಮಾತಾಡದೆ ಐದು ಬೆರಳು ಎತ್ತುತ್ತಿದ್ದರು. ಆಕೆಯ ನೆಗೆಣ್ಣಿ, ಗಂಡನ ತಮ್ಮನ ಹೆಂಡತಿಯೇ ಎಲ್ಲರಿಗಿಂತ ಮುಂದೆ.

ನಾನು ಹಳ್ಳಕ್ಕೆ ಹೋಗಿ ಕೈಮುಗಿದೆ. "ಬ್ಯಾಡ್ರವಾ, ನಾ ಹೇಳಿದ್ದ ತಪ್ಪಾತು. ಆ ಹೆಸರಲೆ ಕರೀಬ್ಯಾಡ್ರಿ."

"ನೀವ ಹೇಳಿದ್ದಲ್ರಿ ಅಕ್ಕಾರ, ನಿಮ್ಮ ವೇದದಾಗ ಐತೆಲ್ಲ" ಎಂದು ಮತ್ತೆ ನಕ್ಕರು. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು.

ಆಕೆ ಓಣಿಯ ಒರತೆಗೆ ಬರುವುದನ್ನೇ ಬಿಟ್ಟಳು. ಎಲ್ಲಿಂದ ನೀರು ಒಯ್ಯುತ್ತಾಳೆಂದು ನನಗೆ ತಿಳಿದದ್ದು ಏಪ್ರಿಲ್ ಮುಗಿಯುವ ಹೊತ್ತಿಗೆ. ಹಳ್ಳದ ತಿರುವಿನಾಚೆ ದನಗಳು ಇಳಿದು ಕುಡಿಯುವ ಒಂದು ಹಸಿರುಗಟ್ಟಿದ ಮಡುವಿದೆ. ನಡುಮಧ್ಯಾಹ್ನ, ಯಾರೂ ಇಲ್ಲದಾಗ, ಅದರಿಂದ ತುಂಬಿಕೊಂಡು ಹೋಗುತ್ತಿದ್ದಳು. ನನ್ನ ಕೋಣೆಯ ಬಾಗಿಲಿನಿಂದ ದೂರದಲ್ಲಿ ಕಂಡಿತು. ಉರಿಬಿಸಿಲು, ಒಬ್ಬಳೇ ಹೆಂಗಸು, ತಲೆಯ ಮೇಲೆ ಕೊಡ. ಅದನ್ನು ನೋಡಿ ನಾನು ಹೊಸ್ತಿಲ ಮೇಲೆ ಕುಕ್ಕರಿಸಿದೆ. ಸಮಾರ್ಯದ ಹೆಂಗಸು ಮಧ್ಯಾಹ್ನ ಯಾಕೆ ಬಂದಳು ಎಂದು ಕೇಳುವವರಿಗೆ ನಾನು ಸಲೀಸಾಗಿ ಹೇಳುತ್ತಿದ್ದೆ, ನಾಚಿಕೆಯಿಂದ ಎಂದು. ಹಾಗೆ ನಾಚಿಕೆಪಡಿಸಿದ ಒಬ್ಬರು ಅವಳ ಊರಿನಲ್ಲೂ ಇದ್ದಿರಬೇಕೆಂದು ಒಂದು ದಿನವೂ ಹೊಳೆದಿರಲಿಲ್ಲ.

ಅಷ್ಟರಲ್ಲಿ ಮುದುಕನಿಗೆ ಭೇದಿ ಹತ್ತಿತು. ಎಂಟು ದಿನ ಕಳೆದರೂ ಕಟ್ಟಲಿಲ್ಲ. ಮಗ್ಗದ ಕುಣಿಗೆ ಇಳಿಯುವ ಶಕ್ತಿಯೂ ಅವನಿಗಿಲ್ಲ ಎಂದು ಊರು ಮಾತಾಡಿತು. ಇವನೂ ಸತ್ತರೆ ಆಕೆಗೆ ನಾಲ್ಕನೆಯವನನ್ನು ಹುಡುಕಬೇಕಾಗುತ್ತದೆ ಎಂಬ ನಗೆಮಾತು ನನ್ನ ಕಿವಿಗೂ ಬಿತ್ತು. ನನಗೆ ಅನ್ನ ಸೇರದಾಯಿತು. ನನ್ನ ಒರತೆಯಿಂದ ಒಂದು ಕೊಡ ತಿಳಿನೀರು ಕಾಯಿಸಿ ಆರಿಸಿ ಅವರ ಮನೆಯ ಮುಂದೆ ಒಯ್ದು ನಿಂತೆ. ಆಕೆ ಬಾಗಿಲಿಗೆ ಬಂದಳು. ಕಣ್ಣು ಕೆಂಪಗಿದ್ದವು.

"ಈ ನೀರ ಕೊಡವಾ ಅವರಿಗೆ. ಕಾಯಿಸಿದ್ದೈತಿ."

"ನಿಮ್ಮ ಕೈಯಾನ ನೀರ ನಮಗ ನಡ್ಯಾಂಗಿಲ್ರಿ" ಎಂದು ಒಳಗೆ ಹೋದಳು. ಬಾಗಿಲು ಹಾಕಲಿಲ್ಲ. ಹಾಕಿದ್ದರೆ ನನಗೆ ಸಿಟ್ಟಾದರೂ ಬರುತ್ತಿತ್ತು. ಕೊಡ ಹೊತ್ತುಕೊಂಡು ತಿರುಗಿ ಬಂದು ಆ ನೀರನ್ನು ನಾನೇ ಕುಡಿದೆ.

ತಿಂಗಳ ವರದಿಗೆ ಧಾರವಾಡಕ್ಕೆ ಹೋದಾಗ ಮಿಸ್ಸಮ್ಮನವರಿಗೆ ಎಲ್ಲವನ್ನೂ ಹೇಳಿದೆ. ಅವರು ದಿನಚರಿ ತಿರುವುತ್ತ ಕೇಳಿದರು. "ಆ ಸ್ತ್ರೀಯು ಸತ್ಯವನ್ನು ಕೇಳಿ ನೊಂದುಕೊಂಡಳು. ನೋವು ಪಶ್ಚಾತ್ತಾಪಕ್ಕೆ ನಡೆಸುವುದುಂಟು. ನೀವು ಪ್ರಾರ್ಥಿಸಿರಿ, ಬೇರೊಂದು ಕಥೆಯನ್ನು ಹೇಳಿರಿ" ಎಂದರು. ಕೆಟ್ಟವರಲ್ಲ ಅವರು. ಹಣ್ಣು ಕೊಟ್ಟು, ನನ್ನ ಕೆಮ್ಮಿಗೆ ಔಷಧ ಕೊಟ್ಟು ಕಳಿಸಿದರು. ಆದರೆ ನನ್ನ ದಿನಚರಿಯಲ್ಲಿ ಆಕೆ ಬರೀ 'ಉಡಿಕೆಯ ಹೆಂಗಸು' ಎಂದಿದ್ದಳು. ಅದನ್ನಷ್ಟೇ ಓದಿದವರು ಇನ್ನೇನು ಹೇಳಿಯಾರು? ಹೆಸರು ಕೇಳಲು ನನಗೇ ತೋಚಿರಲಿಲ್ಲ.

ಬರುವಾಗ ಎತ್ತಿನ ಗಾಡಿಯಲ್ಲಿ ಕೂತು ಕಥೆಯನ್ನು ಮನಸ್ಸಿನಲ್ಲೇ ಮೊದಲಿನಿಂದ ಹೇಳಿಕೊಂಡೆ. ಸ್ವಾಮಿ ಮೊದಲು ಏನು ಮಾಡಿದ? ಗಂಡಂದಿರ ಲೆಕ್ಕ ಹೇಳುವುದಕ್ಕಿಂತ ಮೊದಲು ನೀರು ಕೇಳಿದ. ಸೇದಲು ಅವನ ಹತ್ತಿರ ಪಾತ್ರೆ ಇರಲಿಲ್ಲ. ನನ್ನ ಮಡಿಲಲ್ಲಿ ಮುಚ್ಚಳದ ತಂಬಿಗೆ ಕೂತಿತ್ತು. ಹನ್ನೆರಡು ವರ್ಷ ನಾನು ನೀರು ಕೇಳುವ ದೇವರ ಕಥೆಯನ್ನು ನೀರು ಕೇಳದ ಬಾಯಿಂದ ಹೇಳಿದ್ದೆ.

ಮರುದಿನ ತಂಬಿಗೆಯನ್ನು ಗೂಟಕ್ಕೆ ತೂಗುಹಾಕಿ ಹೊರಟೆ. ದನದ ಮಡುವಿನ ಹತ್ತಿರ ಒಂದು ಬಂಡೆಯ ಮೇಲೆ ಕೂತೆ. ಮೇ ತಿಂಗಳ ಮೊದಲ ವಾರ. ಬಂಡೆ ಕಾದ ಹೆಂಚಾಗಿತ್ತು, ಸೆರಗು ಮಡಿಸಿ ಹಾಕಿಕೊಂಡೆ. ಒಂದು ತಾಸಿಗೆ ನಾಲಿಗೆ ಅಂಗುಳಕ್ಕೆ ಅಂಟಿತು. ನಾಟಕ ಮಾಡಬೇಕಾಗಿರಲಿಲ್ಲ, ನಿಜವಾಗಿಯೇ ನೀರಡಿಸಿತ್ತು. ಆಕೆ ಬಂದಳು, ನನ್ನನ್ನು ಕಂಡು ನಿಂತಳು.

"ಕುಡಿಯಾಕ ಒಂದಿಷ್ಟ ನೀರ ಕೊಡವಾ" ಎಂದೆ.

"ನಿಮ್ಮ ತಂಬಿಗಿ ಎಲ್ಲೈತ್ರಿ?"

"ಮನ್ಯಾಗ."

"ಮರತ ಬಂದ್ರೇನು?"

"ಇಲ್ಲವಾ, ಬೇಕಂತನ ಬಿಟ್ಟ ಬಂದೇನಿ."

ಆಕೆ ಮಡುವನ್ನು ನೋಡಿದಳು, ನನ್ನನ್ನು ನೋಡಿದಳು. "ಈ ನೀರ ನಿಮಗ ಹೆಂಗ ಕೊಡ್ಲಿ? ದನ ಉಚ್ಚಿ ಹೊಯ್ಯೂ ನೀರಿದು. ಕೇಳಿದವರಿಗೆ ಇಂಥಾದ್ದ ಕೊಟ್ರ ನನಗ ಪಾಪ ಹತ್ತತೈತಿ."

"ಮನ್ಯಾಗ ಮುದುಕಪ್ಪಗ ಇದನ್ನ ಕೊಡ್ತೀಯಲ್ಲ?"

ಆಗ ಆಕೆಯ ಸಿಟ್ಟು ಹೊರಬಿತ್ತು. "ಮತ್ತ ಎಲ್ಲಿಂದ ತರ್ಲಿ? ಹೇಳ್ರಿ! ನೀವ ಅಲ್ಲೇನ್ರಿ ಐದ ಬೆರಳ ಎತ್ತಿದವ್ರು? ನಾ ನಿಮಗ ಏನ ಮಾಡಿದ್ದೆ? ನಿಮ್ಮ ಹೆಸರ ಎತ್ತಿದ್ನೇ? ನಿಮ್ಮ ಮನಿ ಮುಂದ ಬಂದಿದ್ನೇ?"

"ನಾನ ಎತ್ತಿದೆ. ಅವರು ನಗತಾರಂತ ಎತ್ತಿದೆ. ನಂದ ತಪ್ಪು, ತಂಗಿ." ನನಗೆ ಅಳು ಬಂತು. ಬೈಬಲ್ ಹೆಂಗಸು ಕೇಳುವವರ ಮುಂದೆ ಅಳಬಾರದೆಂದು ಕಲಿಸಿದ್ದರು. ಅತ್ತೆ.

ಆಕೆ ಕ್ಷಮಿಸಿದೆ ಎಂದೇನೂ ಅನ್ನಲಿಲ್ಲ. ಕೊಡ ಕೆಳಗಿಟ್ಟಳು. ಆಮೇಲೆ ತಿರುವಿನ ಕಡೆಗೆ ಗದ್ದ ಎತ್ತಿ ತೋರಿಸಿದಳು. "ಛಲೋ ನೀರ ಅಲ್ಲೈತಿ. ಹಳ್ಳ ಸತ್ತಿಲ್ರಿ, ಕಲ್ಲಿನ ಕೆಳಗ ಮಲಗೇತಿ."

ತಿರುವಿನ ಒಳಮಗ್ಗುಲಲ್ಲಿ ಒಂದು ಮಾಸ್ತಿಕಲ್ಲಿತ್ತು. ಹಿಂದೆ ಯಾವುದೋ ದಂಡು ಊರ ಮೇಲೆ ಬಿದ್ದಾಗ ಸತ್ತ ಒಬ್ಬ ಗೌಡನ ಹೆಂಡತಿ ಗಂಡನ ಜೊತೆ ಚಿತೆ ಏರಿದಳಂತೆ, ಅವಳ ಕಲ್ಲು. ಬಳೆ ತೊಟ್ಟ ಒಂದು ಕೈ, ಮೊಣಕೈ ಮಡಿಸಿ ಮೇಲೆತ್ತಿದ್ದು, ಐದೂ ಬೆರಳು ಬಿಡಿಸಿದ್ದು. ಮುತ್ತೈದೆಯರು ಅದಕ್ಕೆ ಅರಿಸಿನ ಕುಂಕುಮ ಹಚ್ಚುತ್ತಿದ್ದರು. ಒಬ್ಬನೇ ಗಂಡನಿಗಾಗಿ ಸತ್ತವಳ ಕಲ್ಲಿನ ನೆರಳನ್ನು ಉಡಿಕೆಯಾದವಳು ತುಳಿಯಬಾರದು ಎಂಬುದು ಆ ಊರಿನ ಕಟ್ಟು. ಅದಕ್ಕಾಗಿಯೇ ಅಲ್ಲಿ ಯಾರೂ ಒರತೆ ತೋಡಿರಲಿಲ್ಲ. ಸರತಿಯಲ್ಲಿ ಯಾರ ಕಾಲು ಎಲ್ಲಿ ಬೀಳುತ್ತದೋ ಎಂದು ಎಲ್ಲರಿಗೂ ಹೆದರಿಕೆ.

"ಅಲ್ಲಿ ನೀ ಹೋಗಂಗಿಲ್ಲಲ್ಲ" ಎಂದೆ.

ಆಕೆ ಕಣ್ಣಿಗೆ ಕೈ ಅಡ್ಡ ಹಿಡಿದು ಸೂರ್ಯನನ್ನು ನೋಡಿದಳು. ಆಮೇಲೆ ಕಲ್ಲನ್ನು ನೋಡಿದಳು. ಅಷ್ಟು ದಿನದಲ್ಲಿ ಮೊದಲ ಸಲ ಆಕೆಯ ತುಟಿಯ ಮೂಲೆ ಅಲುಗಿತು.

"ನೆರಳ ತುಳೀಬಾರದಂತ ಐತಿ, ಹೌದಲ್ರಿ ಅಕ್ಕಾರ? ಈಗ ನೆರಳ ಎಲ್ಲೈತಿ ತೋರಸ್ರಿ."

ಸೂರ್ಯ ನೆತ್ತಿಯ ಮೇಲೆ ನೆಟ್ಟಗಿದ್ದ. ಕಲ್ಲಿನ ಬುಡದಲ್ಲಿ ಒಂದು ಎಳೆ ನೆರಳೂ ಇರಲಿಲ್ಲ.

ನಾನು ಎದ್ದು ಅವಳ ಹಿಂದೆ ಹೋದೆ. ಅಲ್ಲಿ ಇನ್ನೊಂದು ತಕರಾರು ಎದ್ದಿತು. ನಾನು ಮುಟ್ಟಿದ ನೀರು ಮುದುಕನಿಗೆ ನಡೆಯುವುದಿಲ್ಲ. ಆಕೆಯೊಬ್ಬಳೇ ತೋಡಿದರೆ ಸೂರ್ಯ ವಾಲಿ ನೆರಳು ಬಂದುಬಿಡುತ್ತದೆ. ಆಕೆ ಸ್ವಲ್ಪ ಯೋಚಿಸಿ ತೀರ್ಪು ಕೊಟ್ಟಳು. "ಉಸುಕಿಗೆ ಮೈಲಿಗಿ ಇಲ್ರಿ. ನೀವು ತೋಡ್ರಿ. ಪಸಿ ಕಂಡ ಕೂಡ್ಲೆ ಎದ್ದ ದೂರ ನಿಂದರ್ರಿ. ಮುಂದಿಂದ ನಾ ನೋಡ್ಕೋತೇನಿ."

ಇಬ್ಬರೂ ಮೊಣಕಾಲೂರಿ ಕೈಯಿಂದಲೇ ತೋಡಿದೆವು. ಮೇಲಿನ ಉಸುಕು ಸುಡುತ್ತಿತ್ತು, ಒಂದು ಗೇಣು ಇಳಿದ ಮೇಲೆ ತಣ್ಣಗಾಯಿತು. ಅರ್ಧಕ್ಕೆ ಬಂದಾಗ ಆಕೆ ಕೇಳಿದಳು, "ಆ ಕಥಿ ಮುಂದ ಏನಾತ್ರಿ? ಅವತ್ತ ಅರ್ಧಕ್ಕ ನಿಂತಿತು."

"ಆಕಿ ತನ್ನ ಕೊಡಾ ಅಲ್ಲೇ ಬಿಟ್ಟ ಊರಾಗ ಓಡಿಹೋದ್ಲು. ಮಂದಿನ್ನೆಲ್ಲಾ ಸ್ವಾಮಿ ಕಡೆ ಕರಕೊಂಡ ಬಂದ್ಲು."

"ಕೊಡಾ ಬಿಟ್ಟ ಹೋದ್ಲಾ? ಹುಚ್ಚಿ! ಮನ್ಯಾಗ ನೀರಿಗೆ ಕಾಯೋರು ಯಾರೂ ಇರಲಿಲ್ಲೇನ ಆಕಿಗೆ?" ಎಂದು ಮತ್ತೆರಡು ಬೊಗಸೆ ಉಸುಕು ಎತ್ತಿ ಹಾಕಿದಳು. "ಅದಿರ್ಲಿ. ನಿಮ್ಮ ಸ್ವಾಮಿ ನೀರ ಕೇಳಿದ್ನಲ್ರಿ, ಆಕಿ ಕೊಟ್ಲೋ ಇಲ್ಲೋ?"

ನನ್ನ ಕೈ ನಿಂತಿತು. ಕಥೆಯನ್ನು ಸಾಲುಸಾಲಾಗಿ ನೆನೆಸಿದೆ. ಅವನು ಕೇಳಿದ್ದಿದೆ. ಇಬ್ಬರ ಮಾತೆಲ್ಲ ಇದೆ. ಶಿಷ್ಯರು ಊಟ ತಂದದ್ದಿದೆ. ಆಕೆ ನೀರು ಕೊಟ್ಟದ್ದು ಎಲ್ಲಿಯೂ ಇಲ್ಲ. ಹನ್ನೆರಡು ವರ್ಷ ಹೇಳಿದರೂ ಅದು ನನ್ನ ಗಮನಕ್ಕೇ ಬಂದಿರಲಿಲ್ಲ.

"ಬರೆದಿಲ್ಲವಾ" ಎಂದೆ.

"ಅಯ್ಯ ಶಿವನ! ಅಷ್ಟುದ್ದ ಕಥಿ ಬರದು ಅದನ್ನ ಬರೀಲಿಲ್ಲಾ? ಗಂಡಸರು ಬರೆದಿರಬೇಕ ಬಿಡ್ರಿ."

ನನಗೆ ನಗು ತಡೆಯಲಿಲ್ಲ. ಅಷ್ಟರಲ್ಲಿ ನನ್ನ ಉಗುರಿನ ಕೆಳಗೆ ಪಸೆ ಹತ್ತಿತು. "ಏಳ್ರಿ, ಏಳ್ರಿ, ಲಗೂ!" ಎಂದು ಆಕೆ ಕೂಗಿದಳು. ನಾನು ಎದ್ದು ಹತ್ತು ಹೆಜ್ಜೆ ಆಚೆ ನಿಂತೆ. ಆಕೆ ರಾಡಿಯನ್ನು ಮೂರು ಸಲ ಚೆಲ್ಲಿದಳು, ಹರಳು ಹಾಸಿದಳು. ನೀರು ಮೆಲ್ಲಗೆ ತಿಳಿಯಾಯಿತು. ಮೊದಲ ಪರಟೆಯನ್ನು ಮಾಸ್ತಿಕಲ್ಲಿನ ಬುಡಕ್ಕೆ ಹಾಕಿ ಕೈಮುಗಿದಳು. ನಾನು ಬೇರೆ ಕಡೆ ನೋಡಿದೆ. ಎರಡನೆಯದನ್ನು ತುಂಬಿಕೊಂಡು ನನ್ನ ಹತ್ತಿರ ಬಂದಳು.

"ಕೈ ಹಿಡೀರಿ."

ಎತ್ತರದಿಂದ ಬೊಗಸೆಗೆ ಸುರಿದಳು, ತಾಕದ ಹಾಗೆ. ಅದೇ ಭಂಗಿ, ಹನ್ನೆರಡು ವರ್ಷದ ಹಿಂದೆ ನಾನು ಆಣೆ ಮಾಡಿ ಬಿಟ್ಟದ್ದು. ಕುಡಿದೆ. ಉಸುಕಿನ ವಾಸನೆ, ಸಿಹಿ. ಸಾಕೆನ್ನುವ ತನಕ ಸುರಿದಳು. ನಾನು ಪಕ್ಕಕ್ಕೆ ಸರಿದು, ನಿಂತಿದ್ದ ಜಾಗವನ್ನು ತಿರುಗಿ ನೋಡಿದೆ. ಆಕೆ ಅಲ್ಲಿ ಏನೂ ಚೆಲ್ಲಲಿಲ್ಲ. ಕೊಡ ತುಂಬಿಕೊಂಡು, ನೆರಳು ಬರುವ ಮೊದಲೇ ಮನೆಯ ಕಡೆ ಹೋದಳು.

ಆರೇಳು ದಿನ ಹಾಗೇ ನಡೆಯಿತು. ಆಮೇಲೆ ಊರಿಗೆ ತಿಳಿಯಿತು. ಬೆಳಗ್ಗೆ ಓಣಿಯ ಒರತೆಯ ಹತ್ತಿರ ನೆಗೆಣ್ಣಿ ರಂಪ ತೆಗೆದಳು, ದೊಡ್ಡವ್ವನನ್ನು ಕರೆಸಿದಳು. ಒರತೆ ತೋಡಿದಾಕೆಯನ್ನೂ ಮನೆಯಿಂದ ಕರೆಸಿದರು. ನಾನು ದಂಡೆಯ ಮೇಲೆ ನಿಂತಿದ್ದೆ.

"ಕಲ್ಲಿನ ಬುಡಕ ತೋಡಿದಾಕಿ ನೀಯೇನ?" ದೊಡ್ಡವ್ವ ಕೇಳಿದಳು.

"ಹೌದ್ರಿ ದೊಡ್ಡವ್ವ."

"ನೆರಳ ತುಳದೀ?"

"ಇದ್ದರ ತುಳೀಬೇಕಲ್ರಿ. ಮಧ್ಯಾಹ್ನ ಬಂದ ನೀವ ನೋಡ್ರಿ. ಒಂದ ಎಳಿ ನೆರಳ ಇದ್ರ ಒರತಿ ಮುಚ್ಚಿಬಿಡ್ತೇನಿ."

ದೊಡ್ಡವ್ವ ನಿಜಕ್ಕೂ ಮಧ್ಯಾಹ್ನ ಬಂದಳು, ಹಿಂದೆ ಹತ್ತು ಹದಿನೈದು ಹೆಂಗಸರು. ಕಲ್ಲಿನ ಸುತ್ತ ಒಂದು ಸುತ್ತು ಹಾಕಿದಳು, ಬಗ್ಗಿ ಬುಡ ನೋಡಿದಳು. ಆಮೇಲೆ ಕೈಯೊಡ್ಡಿದಳು. ಆಕೆ ಒಂದು ಪರಟೆ ನೀರು ಹಾಕಿದಳು. ದೊಡ್ಡವ್ವ ಬಾಯಲ್ಲಿ ಸ್ವಲ್ಪ ಹೊತ್ತು ಹಿಡಿದು ನುಂಗಿದಳು. ಮೇಲಿನ ಒರತೆಗಳೆಲ್ಲ ಆ ಹೊತ್ತಿಗೆ ರಾಡಿಯಾಗಿದ್ದವು.

"ಆ ತಾಯಿ ತನ್ನ ನೆರಳ ತಾನ ತಕ್ಕೊಂಡಾಳಂದ್ರ ನಾವ್ಯಾರು ಬ್ಯಾಡನ್ನಾಕ? ಮಾಳವ್ವಾ, ನಿನ್ನ ಕೊಡಾ ತುಂಬಿದ ಮ್ಯಾಲ ನಮ್ಮನಿ ಕೊಡಕ್ಕ ಎರಡ ಪರಟಿ ಹಾಕು."

ಹೀಗೆ ಆಕೆಯ ಹೆಸರು ನನಗೆ ತಿಳಿಯಿತು. ನೆಗೆಣ್ಣಿ ಮಳೆ ಬೀಳುವ ತನಕವೂ ಐದರಾಕಿ ಎಂದೇ ಕರೆದಳು, ಕೆಲವರು ಆ ಒರತೆಯ ಕಡೆ ಹಾಯಲೂ ಇಲ್ಲ. ಆದರೆ ನೀರಿಗೆ ಹೊರಟವರು ಒಬ್ಬರನ್ನೊಬ್ಬರು ಕರೆಯುವಾಗ 'ಮಾಳವ್ವನ ಒರತಿಗೆ ಬರ್ತೀಯೇನ' ಎನ್ನಲೇಬೇಕಾಯಿತು. ತೋಡಿದವರ ಹೆಸರೇ ಒರತೆಗೆ. ಆ ಸಂಜೆ ದಿನಚರಿ ತೆಗೆದು 'ಉಡಿಕೆಯ ಹೆಂಗಸು' ಎಂದು ಬರೆದಲ್ಲೆಲ್ಲ ಗೀಟು ಹಾಕಿ ಮೇಲೆ ಹೆಸರು ಬರೆದೆ. ಮಿಸ್ಸಮ್ಮನವರು ಹೊಲಸು ಬರಹ ಎಂದು ಬೈದರು, ಬೈಯಲಿ.

ಮುದುಕನ ಭೇದಿ ನಿಂತಿತು. ಜೂನಿನಲ್ಲಿ ಅವನು ಮಗ್ಗಕ್ಕೆ ಇಳಿದದ್ದನ್ನು ಕಂಡು ಬಂದೆ. ಆ ವಾರವೇ ಮೇಲೆಲ್ಲೋ ಮಳೆಯಾಗಿ ಹಳ್ಳ ಕೆಂಪಗೆ ತುಂಬಿ ಬಂತು, ಒರತೆಗಳೆಲ್ಲ ಮುಚ್ಚಿಹೋದವು. ನನ್ನ ಹತ್ತಿರ ಪಾಟಿ ಹಿಡಿದವರು ಇಬ್ಬರೇ. ಮಾಳವ್ವ ಅವರಲ್ಲಿಲ್ಲ. ಆಕೆ ಅಕ್ಷರ ಕಲಿಯಲಿಲ್ಲ, ದೀಕ್ಷಾಸ್ನಾನದ ಮಾತಂತೂ ದೂರವೇ ಉಳಿಯಿತು. ಊರಿನ ಕೆಲಸ ಮುಚ್ಚಿದರು. ಹೊರಡುವ ದಿನ ನನ್ನ ಗಾಡಿ ಹಳ್ಳ ದಾಟುವಾಗ ಆಚೆ ದಂಡೆಯಲ್ಲಿ ಆಕೆ ಕೊಡ ಹೊತ್ತು ನಿಂತಿದ್ದಳು. ನೀರಿನ ಸದ್ದಿಗೆ ಮಾತು ಕೇಳಿಸಲಿಲ್ಲ. ಐದು ಬೆರಳು ಬಿಡಿಸಿ ಕೈಯೆತ್ತಿದಳು, ನಗುತ್ತಿದ್ದಳು. ನಾನೂ ಎತ್ತಿದೆ. ಆಮೇಲೆ ಆಕೆಯನ್ನು ನಾನು ನೋಡಲಿಲ್ಲ.

ಹುಬ್ಬಳ್ಳಿಗೆ ಬಂದ ಮೇಲೆ ಹೊಸ ಬೈಬಲ್ ಹೆಂಗಸರಿಗೆ ಕಥೆ ಹೇಳುವುದನ್ನು ಕಲಿಸುವ ಕೆಲಸ ನನ್ನ ಪಾಲಿಗೆ ಬಂತು. ಮಿಸ್ಸಮ್ಮನವರು ಧಾರವಾಡದಿಂದ ಬಂದು ಹಿಂದೆ ಕುರ್ಚಿ ಹಾಕಿಕೊಂಡು ಕೂತು ತಪ್ಪು ಬರೆದುಕೊಳ್ಳುತ್ತಿದ್ದರು. ಒಂದು ದಿನ ಸಮಾರ್ಯದ ಕಥೆ ಹೇಳಿದೆ. ಬೆರಳು ಎತ್ತಲಿಲ್ಲ. ಸ್ವಾಮಿ ನೀರು ಕೇಳಿದಲ್ಲಿ ನಿಲ್ಲಿಸಿ, "ಆಕೆ ಕೊಟ್ಟಳು, ಅವನು ಸಾಕೆನ್ನುವಷ್ಟು ಕುಡಿದನು" ಎಂದು ಮುಂದುವರಿಸಿದೆ.

ಮಿಸ್ಸಮ್ಮನವರು ಪೆನ್ಸಿಲು ಎತ್ತಿದರು. "ಅದು ವೇದದಲ್ಲಿ ಬರೆದಿರುವುದಿಲ್ಲವಲ್ಲ?"

"ಬರೆದಿಲ್ಲ ನಿಜ, ಅಮ್ಮಾ" ಎಂದೆ. "ಆದರೆ ಕೊಟ್ಟಳು. ನಾನು ಕುಡಿದಿದ್ದೇನೆ."